ಕಾಲವಿಲ್ಲದ ಕ್ರಿಯಾಪದ

ಧಾರವಾಡದ ಸಪ್ತಾಪುರದಲ್ಲಿ ನಾನಿರುವ ಖೋಲಿಗೂ ಪಕ್ಕದ ಮನೆಯ ಸಂಗೀತದ ಖೋಲಿಗೂ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳ್ಳಗಿನದು. ಸಂಜೆ ಆರೂವರೆಗೆ ಆ ಕಡೆ ತಂಬೂರಿ ಶುರುವಾದರೆ ಈ ಕಡೆ ಗೋಡೆಗೆ ಒರಗಿ ಕೂತ ನನ್ನ ಬೆನ್ನಿಗೆ ಮೊದಲು ಗೊತ್ತಾಗುತ್ತದೆ, ಕಿವಿಗೆ ಆಮೇಲೆ. ಎರಡು ವರ್ಷದಿಂದ ನನ್ನ ಓದೆಲ್ಲ ಆ ನಾಲ್ಕು ತಂತಿಗಳ ಪಕ್ಕದಲ್ಲೇ ನಡೆದಿದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಈ ಜೂನಿಗೆ ಮುಗಿಯುತ್ತದೆ.

ಊರು ಗುಂಡ್ಲುಪೇಟೆಯ ಕಡೆ. ಅಪ್ಪ ಅರಿಸಿನ ಹಾಕುತ್ತಾರೆ, ಮಳೆ ಕೈ ಹಿಡಿದ ವರ್ಷ ಚೆಂಡುಹೂವನ್ನೂ ಹಾಕುತ್ತಾರೆ. ನಾನು ಧಾರವಾಡಕ್ಕೆ ಹೋಗಿ ಕನ್ನಡ ಓದುತ್ತೇನೆ ಎಂದಾಗ ಅವರು ಬೇಡ ಎನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಮಾತಾಡೋ ಭಾಷೇನ ಎರಡು ವರ್ಷ ಕೂತ್ಕೊಂಡು ಓದೋದು ಏನಿದ್ದದು ಮಗ?" ಆ ಪ್ರಶ್ನೆಯನ್ನು ಕಟ್ಟಿಕೊಂಡೇ ಮೈಸೂರಿನಲ್ಲಿ ರಾತ್ರಿ ರೈಲು ಹತ್ತಿದೆ. ಬೆಳಿಗ್ಗೆ ಇಳಿದಾಗ ಜಿಟಿಜಿಟಿ ಮಳೆ. ನಮ್ಮಲ್ಲಿ ಮಳೆ ಬಂದು ಹೋಗುತ್ತದೆ. ಇಲ್ಲಿ ಅದು ಬಂದವರಂತೆ ಬಂದು ಮನೆಯವರಂತೆ ಉಳಿಯುತ್ತದೆ. ಆಟೋದವರು ಮಳಿ ಎಂದರು. ಮನೆ ಮನಿಯಾಯಿತು, ಬೆಳೆ ಬೆಳಿಯಾಯಿತು. ಒಂದು ರಾತ್ರಿಯ ಪಯಣದಲ್ಲಿ ನನ್ನ ಮಾತಿನ ಕೊನೆಯ ಸ್ವರಗಳೆಲ್ಲ ಬದಲಾಗಿದ್ದವು.

ದಿನಚರಿಯಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಬೆಳಿಗ್ಗೆ ಒಗ್ಗರಣಿ, ಒಂದು ಚಾ, ಪಾವಟೆ ನಗರದ ಗುಡ್ಡ ಹತ್ತಿ ಕ್ಲಾಸು. ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ, ಝುಣಕ, ಗುರೆಳ್ಳ ಚಟ್ನಿ. ಹಿಟ್ಟು ತಿಂದು ಬೆಳೆದ ಹೊಟ್ಟೆಗೆ ರೊಟ್ಟಿ ಹೊಂದಲು ಒಂದು ತಿಂಗಳು ಹಿಡಿಯಿತು. ಆಮೇಲೆ ರಜೆಗೆ ಊರಿಗೆ ಹೋದಾಗ ರೊಟ್ಟಿಯೇ ನೆನಪಾಗುತ್ತಿತ್ತು. ಅಸೈನ್‌ಮೆಂಟು, ಇಂಟರ್ನಲ್ಸು, ಸೆಮಿನಾರು, ನೆಟ್ ಪರೀಕ್ಷೆಯ ತಯಾರಿ ಎಲ್ಲ ವಿದ್ಯಾರ್ಥಿಗಳಿಗೂ ಇರುವಂತೆ ನನಗೂ ಇದ್ದವು.

ಆದರೆ ಮೊದಲ ಸೆಮಿಸ್ಟರಿನಲ್ಲಿ ಕೇಶಿರಾಜ ಸಿಕ್ಕ. 1260ರ ಸುಮಾರಿಗೆ ಶಬ್ದಮಣಿದರ್ಪಣ ಬರೆದ ಈ ವೈಯಾಕರಣಿಯನ್ನು ಹೆಚ್ಚಿನವರು ಅಂಕಕ್ಕಾಗಿ ಓದಿ ಬಿಡುತ್ತಾರೆ. ನನಗೆ ಅವನು ಹಿಡಿಸಿದ್ದು ಪುಸ್ತಕದ ಆರಂಭದಲ್ಲೇ ಬರುವ ಒಂದು ಸೂತ್ರದಿಂದ. ಶಬ್ದ ಹೇಗೆ ಹುಟ್ಟುತ್ತದೆ ಎನ್ನುವುದಕ್ಕೆ ಅವನು ಕೊಡುವ ವಿವರ ಇದು: ಜೀವ ಇಚ್ಛಿಸಬೇಕು, ಗಾಳಿ ಅನುಕೂಲವಾಗಬೇಕು, ಆಗ ಹೊಕ್ಕುಳ ಬುಡದಲ್ಲಿ ಕಹಳೆಯ ಆಕಾರದಲ್ಲಿ ಅದು ಮೇಲೇಳುತ್ತದೆ, ಅದರ ಬಣ್ಣ ಬಿಳುಪು. ವ್ಯಾಕರಣದವನೊಬ್ಬ ಶಬ್ದಕ್ಕೆ ಬಣ್ಣವಿದೆ ಎನ್ನುತ್ತಾನಲ್ಲ ಎಂದು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಗೋಡೆಯ ಆಚೆ ಗುರುಗಳು ಯಾರಿಗೋ ಹೇಳುತ್ತಿದ್ದರು: "ಗಂಟಲಿಂದ ಬ್ಯಾಡವಾ, ಹೊಕ್ಕಳದಿಂದ ತಗೀ. ಇನ್ನೊಮ್ಮೆ ಸಾ." ಒಂದು ಹೆಣ್ಣು ದನಿ ಸಾ ಹಿಡಿಯಿತು. ಒಡೆಯಿತು. ಮತ್ತೆ ಹಿಡಿಯಿತು. ಏಳೂವರೆ ಶತಮಾನ ದಾಟಿದ ಸೂತ್ರವೊಂದು ಪಕ್ಕದ ಖೋಲಿಯಲ್ಲಿ ಪಾಠವಾಗಿ ನಡೆಯುತ್ತಿತ್ತು.

ಕನ್ನಡದಲ್ಲಿ ಸ್ವರ ಎಂದರೆ ಅ ಆ ಇ ಈ. ಸ್ವರ ಎಂದರೆ ಸ ರಿ ಗ ಮ ಕೂಡ. ಈ ಎರಡನ್ನೂ ನಾನು ಚಿಕ್ಕಂದಿನಿಂದ ಬಲ್ಲೆ. ಎರಡೂ ಒಂದೇ ಶಬ್ದ ಎಂದು ಯೋಚಿಸಿದ್ದು ಅವತ್ತೇ ಮೊದಲು. ಹಳಗನ್ನಡದಲ್ಲಿ ಎಷ್ಟೋ ಪದಗಳು ವ್ಯಂಜನದಲ್ಲಿ ಮುಗಿಯುತ್ತಿದ್ದವು. ಕಣ್, ಬಾಯ್, ಪೊನ್, ಪಾಲ್ ಎಂದು ಬಾಗಿಲು ಹಾಕಿದ ಹಾಗೆ ನಿಲ್ಲುತ್ತಿದ್ದವು. ಕಾಲ ಕಳೆದಂತೆ ಅವು ಕಣ್ಣು, ಬಾಯಿ, ಹೊನ್ನು, ಹಾಲು ಆದವು. ಕನ್ನಡಿಗರು ತಮ್ಮ ಮಾತುಗಳ ಕೊನೆಗೆ ಒಂದೊಂದು ಸ್ವರ ಸೇರಿಸುತ್ತ ಹೋದರು. ಇದಕ್ಕೆ ಭಾಷಾವಿಜ್ಞಾನ ಕೊಡುವ ಕಾರಣಗಳನ್ನು ಪರೀಕ್ಷೆಯಲ್ಲಿ ಬರೆದಿದ್ದೇನೆ. ಆದರೂ ನನ್ನ ಮನಸ್ಸಿಗೆ ಹಿಡಿಸಿರುವುದು ಇಷ್ಟು: ಸ್ವರದಲ್ಲಿ ಮುಗಿಯುವ ಮಾತನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು. ಕಣ್ ಎಂಬುದನ್ನು ಹಾಡುವವರು ಎಲ್ಲಿಗೆ ಒಯ್ಯಬಲ್ಲರು? ಕಣ್ಣು ಎಂದರೆ ದಾರಿ ತೆರೆಯುತ್ತದೆ.

ಎರಡನೆಯ ಅಸೈನ್‌ಮೆಂಟು ರಳದ ಮೇಲೆ. ಕನ್ನಡದಿಂದ ಪೂರ್ತಿ ಅಳಿಸಿಹೋಗಿರುವ ೞ ಎಂಬ ಅಕ್ಷರದ ಶಬ್ದಗಳನ್ನು ಪಟ್ಟಿ ಮಾಡಬೇಕು. ಮಳೆ ಎನ್ನುವುದು ಒಂದು ಕಾಲಕ್ಕೆ ಮೞೆ ಆಗಿತ್ತು. ಕೊಳಲು ಕೊೞಲ್, ಬಾಳು ಬಾೞ್. ಆ ಪಟ್ಟಿ ಬರೆಯುವಾಗ ಕೈ ನಿಂತಿತು. ಮಳೆ, ಕೊಳಲು, ಬಾಳು ಮೂರರ ಬಾಯಲ್ಲೂ ಇದ್ದ ಒಂದು ದನಿಯನ್ನು ನಾವು ಕಳೆದುಕೊಂಡಿದ್ದೇವೆ. ತಮಿಳರೂ ಮಲಯಾಳಿಗಳೂ ಉಳಿಸಿಕೊಂಡಿದ್ದಾರೆ. ಆ ರಾತ್ರಿ ಅಪ್ಪನಿಗೆ ಫೋನು ಮಾಡಿದಾಗ ತಡೆಯಲಾರದೆ ಇದನ್ನು ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಓ, ತರಕಾರಿ ಲಾರಿಯೋರು ಮೞ ಮೞ ಅಂತಾರಲ್ಲ, ಹಂಗಾ?" ಎಂದರು. ನಾನು ಒಂದು ವಾರ ನಾಲಿಗೆ ಮಡಿಸಿ ಕಲಿತದ್ದನ್ನು ಅವರು ಸಂತೆಯಲ್ಲಿ ಕೇಳಿದ ನೆನಪಿನಿಂದ ಸಲೀಸಾಗಿ ಆಡಿದರು. ಆಮೇಲೆ, "ಇದನ್ನಾ ನೀನು ಓದ್ತಿರೋದು? ಓದು ಮಗ" ಎಂದರು. ಅವರ ಪ್ರಶ್ನೆಯನ್ನು ಅಂದು ಅವರೇ ಇಳಿಸಿದರು.

ಅವಳನ್ನು ಮೊದಲು ನೋಡಿದ್ದು ಒಂದು ಶಬ್ದದಿಂದ. ಕೆಳಗಿನ ಮನೆಯ ಕಾಕು ಪಡಸಾಲೆಯಲ್ಲಿ ಚಾ ಸೋಸುತ್ತಿದ್ದರು. ನಾನು ಬಾಡಿಗೆ ಕೊಡಲು ಇಳಿದಿದ್ದೆ. ಮಳೆ ಜೋರಾಯಿತೆಂದು ಪಕ್ಕದ ಮನೆಗೆ ಹಾಡಲು ಬಂದವಳು ನಮ್ಮ ಮಾಡಿನ ಕೆಳಗೆ ನಿಂತಿದ್ದಳು, ಒದ್ದೆ ಕೊಡೆಯನ್ನು ಕಂಬಕ್ಕೆ ಒರಗಿಸಿ. "ಬಾರವಾ, ಚಾ ಕುಡಿ" ಎಂದರು ಕಾಕು. "ಒಲ್ಲೆ ಕಾಕು, ಹಾಡೂದೈತಿ" ಎಂದಳು ಅವಳು.

ಒಲ್ಲೆ. ನಮ್ಮ ಕಡೆ ಬೇಡ ಎನ್ನುತ್ತೇವೆ. ಒಲ್ಲೆ ಎಂಬುದನ್ನು ನಾನು ಕಂಡದ್ದು ಹಳೆಯ ಕಾವ್ಯಗಳಲ್ಲಿ, ವಚನಗಳಲ್ಲಿ. ಪುಟದ ಮೇಲಿನ ಆ ಪದ ಚಾ ಬೇಡವೆನ್ನಲು ಬಾಯಿಂದ ಹೊರಬಿದ್ದಾಗ, ಶಾಸನದ ಕಲ್ಲೊಂದು ಎದ್ದು ನಡೆದ ಹಾಗಾಯಿತು. ಮರುದಿನ ಗ್ರಂಥಾಲಯದಲ್ಲಿ ಕಿಟೆಲ್ ಕೋಶ ತೆಗೆಸಿದೆ. ಇಪ್ಪತ್ತೊಂದರ ವಯಸ್ಸಿಗೆ, 1853ರಲ್ಲಿ, ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಹೊರತಂದ ಆ ಕೋಶದಲ್ಲಿ ಸುಮಾರು 70,000 ಶಬ್ದಗಳಿವೆ. ಶಬ್ದಮಣಿದರ್ಪಣವನ್ನು ಸಂಪಾದಿಸಿ 1872ರಲ್ಲಿ ಅಚ್ಚು ಹಾಕಿಸಿದವರೂ ಅವರೇ. ಅವರ ಹೆಸರಿನ ಕಾಲೇಜು ಇದೇ ಊರಿನಲ್ಲಿದೆ, ಅದರ ಮುಂದೆ ದಿನವೂ ಬಸ್ಸುಗಳು ಓಡಾಡುತ್ತವೆ. ಆ ಭಾರದ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿ ಒಲ್ ಎಂಬ ಧಾತುವಿನ ಬಳಿ ಬಹಳ ಹೊತ್ತು ಕೂತೆ. ಒಲವು, ಒಲುಮೆ, ಒಲಿ ಎಲ್ಲ ಆ ಬೇರಿನವು. ಒಲ್ಲೆ ಕೂಡ ಅದರದೇ. ಒಲಿಯೆನು, ಇಷ್ಟಪಡೆನು ಎಂದು ಅದರ ಅರ್ಥ. ಧಾರವಾಡದ ಮನೆಮನೆಯಲ್ಲಿ ದಿನಕ್ಕೆ ನೂರು ಸಲ ಇನ್ನೊಂದು ರೊಟ್ಟಿ ಬೇಡ, ಇನ್ನಷ್ಟು ಸಾರು ಬೇಡ ಎನ್ನುವಾಗ ಜನ ಒಲವನ್ನೇ ಇಲ್ಲವೆನ್ನುತ್ತಿದ್ದಾರೆ. ಒಲವಿನ ಹೆಸರೆತ್ತದೆ ಇವರಿಗೆ ನಿರಾಕರಿಸಲೂ ಬರುವುದಿಲ್ಲ.

ಇದರ ಮೇಲೆ ಇನ್ನೊಂದು ವಿಷಯವಿದೆ. ಇಂಥ ನಿಷೇಧರೂಪಗಳನ್ನು ಕೇಶಿರಾಜ ಪ್ರತಿಷೇಧ ಎಂದು ಕರೆಯುತ್ತಾನೆ. ಅವುಗಳಲ್ಲಿ ಕಾಲಸೂಚಕ ಪ್ರತ್ಯಯವಿಲ್ಲ. ನೋಡೆಂ ಎಂದರೆ ನೋಡಲಿಲ್ಲ, ನೋಡುತ್ತಿಲ್ಲ, ನೋಡುವುದಿಲ್ಲ ಎಲ್ಲವೂ ಹೌದು. ಧಾತುವಿಗೆ ನೇರವಾಗಿ ನಾನು ಎಂಬುದು ಅಂಟಿಕೊಳ್ಳುತ್ತದೆ, ನಡುವೆ ನಿನ್ನೆ ಇಂದು ನಾಳೆಗಳಿಗೆ ಜಾಗವೇ ಇಲ್ಲ. ಒಲ್ಲೆ ಎಂದರೆ ಮೂರೂ ಕಾಲಕ್ಕೆ ಮುಗಿಯಿತು. ಹೌದು ಎನ್ನುವ ಕ್ರಿಯಾಪದಕ್ಕೆ ಆ ಸೌಕರ್ಯವಿಲ್ಲ. ಒಲಿದೆನೋ, ಒಲಿಯುತ್ತಿದ್ದೇನೋ, ಒಲಿಯುವೆನೋ, ಯಾವುದೆಂದು ಹೇಳಲೇಬೇಕು. ನಿನ್ನೆಯ ರೂಪ ಇಂದಿಗೆ ಸಾಲದು.

ಅವಳ ರಿಯಾಜು ಕೇಳುತ್ತ ಕೇಳುತ್ತ ನನಗೆ ಇದು ಹೊಳೆಯಿತು. ನಿನ್ನೆ ಕೂಡಿದ ಸಾ ಇವತ್ತಿಗೆ ಬರುವುದಿಲ್ಲ. ಇವತ್ತಿನದನ್ನು ಇವತ್ತೇ ಹುಡುಕಬೇಕು.

ಮಾತು ಬೆಳೆದದ್ದು ಅಕ್ಕಮಹಾದೇವಿಯ ವಚನದಿಂದ. ಕಾರ್ಯಕ್ರಮವೊಂದರಲ್ಲಿ ಹಾಡಲು ವಚನವೊಂದನ್ನು ಆರಿಸಿಕೊಂಡಿದ್ದಳು. ಅರ್ಥ ಬಿಡಿಸಿ ಕೊಡುವವರು ಬೇಕೆಂದು ಕಾಕು ನನ್ನನ್ನು ಕರೆದರು. "ನೀವು ಕನ್ನಡ ಓದ್ತೀರಂತಲ್ರಿ, ಸ್ವಲ್ಪ ಹೇಳ್ರಿ." ನಾನು ಪದಪದಕ್ಕೂ ಅರ್ಥ ಬರೆದು ಎರಡು ಹಾಳೆ ತುಂಬಿಸಿ ಕೊಟ್ಟೆ. ಅವಳು ಹಾಳೆ ನೋಡಿ, ಮಡಿಸಿ, "ಇದ್ರಾಗ ಎಲ್ಲಿ ಉಸಿರು ತಗೋಬೇಕು ಅಂತ ಬರದಿಲ್ಲಲ್ರಿ" ಎಂದಳು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಇಬ್ಬರೂ ಕೂತು ಅದೇ ವಚನವನ್ನು ಉಸಿರಿನ ಲೆಕ್ಕದಲ್ಲಿ ಓದಿದೆವು. ಎಲ್ಲಿ ನಿಂತರೆ ಅರ್ಥ ಕೆಡುತ್ತದೆ, ಎಲ್ಲಿ ನಿಲ್ಲದಿದ್ದರೆ ಹಾಡುವವರ ಎದೆ ಒಣಗುತ್ತದೆ ಎಂದು. ಎಂ.ಎ.ಯ ಯಾವ ಕ್ಲಾಸಿನಲ್ಲೂ ನಾನು ವಚನವನ್ನು ಅಷ್ಟು ಹತ್ತಿರದಿಂದ ಓದಿಲ್ಲ.

ಒಂದು ಸಂಗತಿಯಲ್ಲಿ ನಮಗೆ ಬಹಳ ದಿನ ಹೊಂದಾಣಿಕೆಯಾಗಲಿಲ್ಲ. ಖಯಾಲಿನಲ್ಲಿ ಮಾತು ಕರಗಿಹೋಗುತ್ತದೆ ಎಂಬುದು ನನ್ನ ದೂರು. ಎರಡು ಸಾಲಿನ ಬಂದಿಶು, ಅದೂ ಬ್ರಜ ಭಾಷೆಯದು. ಮುಕ್ಕಾಲು ಗಂಟೆ ಹಾಡಿದ ಮೇಲೆ ಉಳಿಯುವುದು ಆ ಎಂಬ ಸ್ವರದ ಆಕಾರ. ಶಬ್ದವನ್ನು ಹೀಗೆ ನೀರಾಗಿಸಬಹುದೇ ಎಂದು ಕೇಳುತ್ತಿದ್ದೆ. ಅವಳು ವಾದಕ್ಕೆ ಬರುತ್ತಿರಲಿಲ್ಲ. ಒಂದು ಭಾನುವಾರ ಮಲ್ಲಿಕಾರ್ಜುನ ಮನಸೂರರ ಮನೆಗೆ ಕರೆದುಕೊಂಡು ಹೋದಳು. ಮೃತ್ಯುಂಜಯ ಎಂದು ಅದರ ಹೆಸರು, ಈಗ ಸ್ಮಾರಕ. ಧಾರವಾಡದ ಹತ್ತಿರದ ಮನಸೂರಿನಲ್ಲಿ 1910ರ ಡಿಸೆಂಬರ್ 31ರಂದು ಹುಟ್ಟಿ, ಮಂಜಿ ಖಾನರ, ಬುರ್ಜಿ ಖಾನರ ಕೈಯಲ್ಲಿ ಕಲಿತು, ಜೈಪುರ ಅತ್ರೌಲಿ ಘರಾಣೆಯ ಅಪರೂಪದ ರಾಗಗಳನ್ನು ಕೊನೆಯವರೆಗೂ ಹಾಡಿದವರು. ವಚನಗಳನ್ನೂ ಹಾಡಿದವರು. ಹಿಂತಿರುಗುವಾಗ ಅವಳು ತನ್ನ ಫೋನಿನಲ್ಲಿ ಅವರ ವಚನ ಗಾಯನವನ್ನು ಹಾಕಿದಳು. ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ಕೇಳಿದೆವು. ಅಲ್ಲಿ ಮಾತು ಕರಗಿರಲಿಲ್ಲ. ಒಂದೊಂದು ಅಕ್ಷರವೂ ನಿಚ್ಚಳವಾಗಿತ್ತು, ಆದರೆ ಪ್ರತಿ ಅಕ್ಷರದ ಬೆನ್ನಿಗೆ ಅದೇ ಖಯಾಲಿನ ಆಕಾರ ನಿಂತಿತ್ತು. ಎಷ್ಟೋ ವರ್ಷ ಮಾತನ್ನು ಸ್ವರಕ್ಕೆ ಬಿಟ್ಟುಕೊಟ್ಟವರ ಬಾಯಲ್ಲಿ ಮಾತು ಹೀಗೆ ಹಿಂತಿರುಗಿ ಬರುತ್ತದೆ ಎಂದುಕೊಂಡೆ. ದೂರು ಅಲ್ಲಿಗೆ ಬಿಟ್ಟೆ.

ಕಟ್ಟೆಯಿಂದ ಏಳುವ ಹೊತ್ತಿಗೆ ಅವಳು "ನಡೀ, ಮಳಿ ಬರೂಹಂಗೈತಿ" ಎಂದಳು. ನಡೀರಿ ಎನ್ನಲಿಲ್ಲ. ಆ ರಿ ಎಲ್ಲಿ ಬಿದ್ದುಹೋಯಿತೆಂದು ಅವಳಿಗೂ ಗೊತ್ತಾಗಿರಲಿಕ್ಕಿಲ್ಲ. ನನಗೆ ಮಾತ್ರ ಗೊತ್ತಾಗಿತ್ತು.

ಹೇಳಬೇಕಾದ್ದನ್ನು ನಾನು ಹೇಳಲು ಎಂಟು ತಿಂಗಳು ತೆಗೆದುಕೊಂಡೆ. ಪ್ರೀತಿ ಎಂಬ ಪದ ಸಿನಿಮಾ ಹಾಡುಗಳಲ್ಲಿ ಸವೆದಂತೆ ಕಾಣುತ್ತಿತ್ತು. ಒಲವು ಎಂದರೆ ಭಾವಗೀತೆಯಾಗುತ್ತಿತ್ತು. ನಮ್ಮೂರಲ್ಲಿ ಗಂಡ ಹೆಂಡಿರು ಇವನ್ನೆಲ್ಲ ಆಡಿದ್ದನ್ನೇ ನಾನು ಕೇಳಿಲ್ಲ. ಅವ್ವ ಅಪ್ಪನಿಗೆ ಹೇಳುವುದು, "ಬಿಸಿಲು ಇಳೀಲಿ, ಆಮೇಲೆ ಹೋಗು." ಅಷ್ಟೇ. ಕೊನೆಗೆ ಕೆಲಗೇರಿ ಕೆರೆಯ ಏರಿಯ ಮೇಲೆ ನಿಂತು, ನನ್ನ ಊರು, ಅಪ್ಪನ ಎರಡೂವರೆ ಎಕರೆ, ಇನ್ನೂ ಸಿಗದ ಕೆಲಸ ಎಲ್ಲವನ್ನೂ ಹೇಳಿದೆ. ಆ ಒಂದು ಮಾತು ಮಾತ್ರ ಉಳಿಯಿತು. "ನಿನಗೆ ಏನನ್ನಿಸ್ತದೋ ಗೊತ್ತಿಲ್ಲ" ಎಂದು ನಿಲ್ಲಿಸಿದೆ.

ಅವಳು ನೀರು ನೋಡುತ್ತ, "ಒಲ್ಲೆ ಅಂತ ನಾ ಯಾವಾಗ ಅಂದೀನಿ?" ಎಂದಳು.

ಮೂರೂ ಕಾಲವನ್ನು ಮುಚ್ಚುವ ಆ ಪದವನ್ನು ಅವಳು ಆಡಿರಲಿಲ್ಲ, ಹಾಗಾಗಿ ಮೂರೂ ಕಾಲ ತೆರೆದೇ ಇದ್ದವು.

ತಂಬೂರಿಯ ಬಗ್ಗೆ ಅವಳು ಹೇಳಿದ್ದರಲ್ಲಿ ಒಂದನ್ನು ನಾನು ಒಂದು ವರ್ಷ ನಂಬಿಕೆಯ ಮೇಲೆ ಇಟ್ಟುಕೊಂಡಿದ್ದೆ. ಮೊದಲ ತಂತಿ ಪಂಚಮ, ನಡುವಿನ ಎರಡು ಜೋಡಿ ಷಡ್ಜ, ಕೊನೆಯದು ಖರ್ಜ. ಇವನ್ನು ಸರಿಯಾಗಿ ಕೂಡಿಸಿದರೆ ಖರ್ಜದ ಒಳಗಿಂದ ಗಾಂಧಾರ ತಾನೇ ಕೇಳುತ್ತದೆ, ಅದನ್ನು ಯಾರೂ ಮೀಟಿರುವುದಿಲ್ಲ, ಸ್ವಯಂಭೂ ಗಾಂಧಾರ ಎನ್ನುತ್ತಾರೆ ಎಂದಿದ್ದಳು. "ಕೇಳಸ್ತೈತಿ ಇಲ್ಲೋ?" ಎಂದು ಆಗಾಗ ಪರೀಕ್ಷಿಸುತ್ತಿದ್ದಳು. ನನಗೆ ಕೇಳುತ್ತಿರಲಿಲ್ಲ. ಕೇಳಿತೆಂದು ಸುಳ್ಳು ಹೇಳುವುದು ಅವಳ ಮುಂದೆ ಸಾಧ್ಯವಿರಲಿಲ್ಲ. ಕಳೆದ ಚಳಿಗಾಲದಲ್ಲಿ ಅವಳ ತಂಬೂರಿಯ ದನಿಯೇ ಕುಂದಿತು. ಜವಾರಿ ಹೋಗೈತಿ ಎಂದರು ಗುರುಗಳು. ಜವಾರಿ ಎಂದರೆ ನನಗೆ ಸಂತೆಯಲ್ಲಿ ಕಲಿತ ಅರ್ಥ ಗೊತ್ತಿತ್ತು: ಜವಾರಿ ಹೆಸರು, ಜವಾರಿ ಬದನೆ, ಜವಾರಿ ಕೋಳಿ, ಈ ನೆಲದ್ದೇ ಆದದ್ದು. ತಂಬೂರಿಯಲ್ಲಿ ಜವಾರಿ ಎಂದರೆ ತಂತಿ ತನ್ನನ್ನು ಹೊತ್ತ ಕುದುರೆಯ ಮೈಗೆ ಸೋಕಿ ಸೋಕದೆ ಎಬ್ಬಿಸುವ ಝೇಂಕಾರ. ಅದಕ್ಕಾಗಿ ತಂತಿಯ ಕೆಳಗೆ ನೂಲಿನ ಎಳೆ ಇಡುತ್ತಾರೆ, ಆ ಎಳೆಗೆ ಜೀವ ಎಂದೇ ಹೆಸರು. ಕೇಶಿರಾಜನ ಸೂತ್ರದಲ್ಲಿ ಶಬ್ದ ಹುಟ್ಟಲು ಇಚ್ಛಿಸುವುದೂ ಜೀವವೇ.

ಅದನ್ನು ಸರಿಪಡಿಸಲು ಮಿರಜಕ್ಕೇ ಹೋಗಬೇಕು. ಹತ್ತೊಂಬತ್ತನೆಯ ಶತಮಾನದಿಂದ ಸಿತಾರು, ತಂಬೂರಿ ಕಟ್ಟುವ ಮನೆತನಗಳು ಅಲ್ಲಿವೆ. ಬುರುಡೆಗೆ ಬೇಕಾದ ದೊಡ್ಡ ಕಾಯಿ ಪಂಢರಪುರದ ಸುತ್ತ ಬೆಳೆಯುತ್ತದೆ. ಅಬ್ದುಲ್ ಕರೀಂ ಖಾನರು ನೆಲೆಸಿದ ಊರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿಯವರ ಶಿಷ್ಯೆ ಗಂಗೂಬಾಯಿ ಹಾನಗಲ್. ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲೇ ಹೋಗಿಬಂದು ಕಲಿತರು ಎಂದು ಅವಳು ದಾರಿಯುದ್ದಕ್ಕೂ ಹೇಳಿದಳು. ಹಳೆಯ ಚಾದರದಲ್ಲಿ ಸುತ್ತಿದ ತಂಬೂರಿ ನಮ್ಮಿಬ್ಬರ ನಡುವೆ ಮೂರನೆಯವರಂತೆ ಕೂತಿತ್ತು.

ಅಂಗಡಿಯ ಹಿರಿಯರು ತಂತಿ ಸಡಿಲಿಸಿ, ಕುದುರೆಯ ಮೈಯನ್ನು ಅರದಿಂದ ಎರಡು ಸಲ ಉಜ್ಜಿ, ತಂತಿ ಏರಿಸಿ ಮೀಟಿದರು. ತಲೆಯಾಡಿಸಿ ಮತ್ತೆ ಸಡಿಲಿಸಿದರು. ಕಣ್ಣಿಗೆ ಕಾಣದಷ್ಟು ತೆಗೆದು ಮತ್ತೆ ಏರಿಸಿದರು. ಒಂದೂವರೆ ಗಂಟೆ ಇದೇ ಕೆಲಸ. ಅಳತೆಗೋಲಿಲ್ಲ, ಕಿವಿಯೊಂದೇ. ಅವಳು ಕಣ್ಣು ಮುಚ್ಚಿ ಕೂತಿದ್ದಳು. ಕೊನೆಗೆ ಅವರು ನೂಲಿನ ಎಳೆಯನ್ನು ಉಗುರಿನಷ್ಟು ಸರಿಸಿದರು, ನಾಲ್ಕೂ ತಂತಿಗಳ ಮೇಲೆ ಬೆರಳಾಡಿಸಿದರು. ಖರ್ಜ ಬಂತು. ಅದು ಆರುವ ಮೊದಲು ಅದರ ನೆತ್ತಿಯ ಮೇಲೆ ತೆಳ್ಳಗೆ, ಬೆಳ್ಳಗೆ ಇನ್ನೊಂದು ಸ್ವರ ಎದ್ದಿತು. ಬೆಳ್ಳಗೆ ಎಂದು ಬರೆಯುವಾಗ ಕೇಶಿರಾಜ ನೆನಪಾಗಿ ಬರೆಯುತ್ತಿಲ್ಲ. ಆ ಕ್ಷಣ ಹಾಗೇ ಅನಿಸಿತು. ನಾನು ಅವಳ ಕಡೆ ತಿರುಗಿದೆ. ಅವಳು ಏನೂ ಕೇಳಲಿಲ್ಲ, ನನ್ನ ಮುಖ ನೋಡಿ ನಕ್ಕಳು.

ವಾಪಸು ರೈಲಿನಲ್ಲಿ ನೂಕುನುಗ್ಗಲು. ಎರಡು ದಿನಕ್ಕೆ ನನಗೆ ಇಂಟರ್ನಲ್ಸು ಇತ್ತು. ಬೆಳಗಾವಿ ದಾಟಿದ ಮೇಲೆ ನೋಟ್ಸು ತೆಗೆದೆ. ಅವಳು ಕಸಿದುಕೊಂಡು ತಾನೇ ಕೇಳಲು ಶುರು ಮಾಡಿದಳು.

"ಮಳಿ?"

"ರಳ."

"ಕೊಳಲು?"

"ರಳ."

"ಬೆಳಕು?"

"ಅದು ಕುಳ, ಮಾಮೂಲಿ ಳ."

ಲೋಂಡಾದಲ್ಲಿ ರೈಲು ಬಹಳ ಹೊತ್ತು ನಿಂತಿತು. ಚಾದವನು ಬಂದುಹೋದ. ಅವಳು ಪುಟ ತಿರುವಿ ಕ್ರಿಯಾಪದಗಳಿಗೆ ಬಂದಳು.

"ಒಲ್ಲೆ. ಯಾವ ಕಾಲ?"

"ಕಾಲ ಇಲ್ಲ."

"ಒಲ್ ಧಾತು, ಉತ್ತಮ ಪುರುಷ, ಏಕವಚನ. ಭೂತಕಾಲ ಹೇಳು."

"ಒಲ್ದೆಂ."

"ವರ್ತಮಾನ?"

ಹಳಗನ್ನಡದ ವರ್ತಮಾನಕ್ಕೆ ದಪ ಎಂಬ ಪ್ರತ್ಯಯ. ನೂರು ಸಲ ಬರೆದದ್ದು. ಎದುರಿನ ಸೀಟಿನ ಅಜ್ಜ ನಮ್ಮನ್ನೇ ನೋಡುತ್ತಿದ್ದರು. ಕೆರೆಯ ಏರಿಯ ಮೇಲೆ ಬಾರದೇ ಉಳಿದ ಮಾತು ಹೊಕ್ಕುಳ ಬುಡದಿಂದ ಏಳುವುದು ನನಗೆ ಸ್ಪಷ್ಟವಾಗಿ ಗೊತ್ತಾಯಿತು.

"ಒಲ್ದಪೆಂ," ಎಂದೆ.

ಅವಳು ಪುಟದಿಂದ ತಲೆಯೆತ್ತಲಿಲ್ಲ. ಕಿವಿ ಕೆಂಪಾಗಿತ್ತು. "ಭವಿಷ್ಯತ್?" ಎಂದಳು ಸ್ವಲ್ಪ ಹೊತ್ತಿನ ಮೇಲೆ. ಅಳ್ನಾವರ ಬಂತು. ಬುಟ್ಟಿ, ಚೀಲ, ಮಕ್ಕಳು, ಜನ ನುಗ್ಗಿದರು. ತಂಬೂರಿಗೆ ಪೆಟ್ಟಾದೀತೆಂದು ನಾನು ಎತ್ತಿ ಎದೆಗಾನಿಸಿಕೊಂಡೆ, ಆ ಕಡೆಯಿಂದ ಅವಳೂ ಕೈ ಕೊಟ್ಟು ಹಿಡಿದಳು.